ಎಣ್ಣೆಯ ಕಲೆ ಹಾಗೇ ಇರಲಿ

ಜನವರಿ ೮

ಮಾನ್ಯರೇ,

ಹೊಸ ಜಾಗಕ್ಕೆ ಬಂದು ಪೆಟ್ಟಿಗೆ ಬಿಚ್ಚುವಾಗ ನನ್ನ ಉಣ್ಣೆ ಬಟ್ಟೆಗಳ ನಡುವೆ ನಿಮ್ಮದೊಂದು ಪುಸ್ತಕ ಸಿಕ್ಕಿತು. ಹಡಗಿನ ಅಡುಗೆಯವರಿಗಾಗಿ ಬರೆದ, ನೀಲಿ ರಟ್ಟಿನ ಆ ಹಳೆಯ ಪುಸ್ತಕ. ಅಲೆ ಎದ್ದಾಗ ಸೂಪು ಚೆಲ್ಲದಂತೆ ಕುದಿಸುವುದು ಹೇಗೆ ಎಂಬ ಅಧ್ಯಾಯವನ್ನು ನೀವು ಜೋರಾಗಿ ಓದಿ ನಗುತ್ತಿದ್ದಿರಲ್ಲ, ಅದೇ. ಮನೆ ಬಿಡುವ ಗಡಿಬಿಡಿಯಲ್ಲಿ ಹೇಗೋ ನನ್ನ ಸಾಮಾನಿನೊಳಗೆ ಸೇರಿಬಿಟ್ಟಿದೆ.

ವಿಚ್ಛೇದನ ಆದಾಗ ಯಾವ ವಸ್ತು ಯಾರಿಗೆ ಎಂದು ನಾನೂ ನಿಮ್ಮ ಮಗನೂ ಜಗಳವಿಲ್ಲದೆ ಮಾತಾಡಿ ಮುಗಿಸಿದ್ದೆವು. ಹಳೆಯ ಅಡುಗೆ ಪುಸ್ತಕಗಳೆಲ್ಲ ನಿಮ್ಮವು ಎನ್ನುವುದರಲ್ಲಿ ಮಾತೇ ಇರಲಿಲ್ಲ. ಹಾಗಾಗಿ ಇದನ್ನು ವಾಪಸು ಕಳಿಸುತ್ತಿದ್ದೇನೆ. ಬೆನ್ನು ಸಡಿಲವಾಗಿತ್ತು, ಹೊಸದಾಗಿ ಹೊಲಿದಿದ್ದೇನೆ. ಇಲ್ಲಿ ಒಂದು ಬೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಹಳೆಯ ಪುಸ್ತಕಗಳ ರಿಪೇರಿ ನನ್ನ ಪಾಲಿಗೆ ಬಂದಿದೆ.

ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಇಂತಿ ನಮಸ್ಕಾರಗಳು.


ಜನವರಿ ೧೯

ಮಾನ್ಯರೇ ಅಂತೆ! ನಾನೇನು ನೀರಿನ ಇಲಾಖೆಯ ಅಧಿಕಾರಿಯೇ? ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ದೂರು ಬರೆದಿದ್ದೀಯಾ? ಏಳು ವರ್ಷ ಬಾಯಿ ತುಂಬ ಅತ್ತೆ ಎಂದು ಕರೆದವಳು ನೀನು. ಗಂಡನನ್ನು ಬಿಡುವುದಕ್ಕೆ ಕೋರ್ಟಿನಲ್ಲಿ ಕಾಗದ ಇದೆ, ಸರಿ. ಅತ್ತೆಯನ್ನು ಬಿಟ್ಟಿದ್ದೇನೆ ಎಂದು ಯಾವ ಕಾಗದದ ಮೇಲೆ ಸಹಿ ಹಾಕಿದ್ದೀಯ, ತೋರಿಸು ನೋಡೋಣ.

ಆ ಪುಸ್ತಕ ಹೇಗೋ ಸೇರಿದ್ದಲ್ಲ. ನಾನೇ ತುರುಕಿದ್ದು. ನೀನು ಸ್ನಾನಕ್ಕೆ ಹೋದಾಗ ಪೆಟ್ಟಿಗೆ ತೆಗೆದು ಸ್ವೆಟರಿನ ಕೆಳಗೆ ಇಟ್ಟೆ. ನೀನು ನೋಡಿದರೆ ಅದನ್ನು ಹೊಲಿದು, ಒಗೆದ ಬಟ್ಟೆಯ ಹಾಗೆ ಮಡಚಿ ವಾಪಸು ಕಳಿಸಿದ್ದೀಯ. ಹೊಲಿಗೆ ಚೆನ್ನಾಗಿದೆ ಎನ್ನುವುದು ಬೇರೆ ಮಾತು.

ಹೋಗಲಿ. ಈಗ ಇನ್ನೊಂದು ಕಳಿಸುತ್ತಿದ್ದೇನೆ. ಭಾನುವಾರದ ಹಳೇ ಸಾಮಾನಿನ ಬಜಾರಿನಲ್ಲಿ ನಾವಿಬ್ಬರೂ ನೆನೆದು ತೊಪ್ಪೆಯಾಗಿ ಹುಡುಕಿ ತಂದದ್ದು ನೆನಪಿದೆಯಾ, ಗೃಹವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರಮ್ಮ ಬರೆದದ್ದು? ಅದಕ್ಕೆ ಹುಳು ಬಿದ್ದಿದೆ. ರಿಪೇರಿ ಮಾಡು. ಅವಸರ ಏನಿಲ್ಲ. ನಿನ್ನ ಹತ್ತಿರವೇ ಇದ್ದರೂ ನನಗೇನೂ ತೊಂದರೆಯಿಲ್ಲ.

ಫೋನು ಮಾಡಬೇಡ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಜೀವಮಾನವಿಡೀ ಬೇರೆಯವರ ಮಾತು ಜೋಡಿಸಿದವಳು ನಾನು. ಆ ಗಂಟೆ ಕೇಳಿದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಬರೆ.

ನಿನ್ನ ಅತ್ತೆ


ಫೆಬ್ರವರಿ ೩

ಅತ್ತೆ,

ಕೈ ತಪ್ಪಿ ಬರೆದದ್ದಲ್ಲ. ಬೇರೆ ಏನೆಂದು ಕರೆಯಬೇಕೋ ಯೋಚಿಸಿ ಯೋಚಿಸಿ ಸಾಕಾಯಿತು.

ಮೇಷ್ಟ್ರಮ್ಮನ ಪುಸ್ತಕ ಬಂತು. ಹುಳು ಸಿಹಿತಿಂಡಿಯ ಭಾಗವನ್ನು ಮಾತ್ರ ತಿಂದಿದೆ. ಗಂಜಿ, ಪಥ್ಯದ ಪುಟಗಳನ್ನು ಮೂಸಿಯೂ ನೋಡಿಲ್ಲ. ತೂತುಗಳಿಗೆ ತೆಳು ಕಾಗದದ ತೇಪೆ ಹಾಕುತ್ತಿದ್ದೇನೆ. ನಮ್ಮ ಅಂಗಡಿಯ ಯಜಮಾನರನ್ನು ಬೀದಿಯವರೆಲ್ಲ ಗೋಂದಜ್ಜ ಎನ್ನುತ್ತಾರೆ. ಹತ್ತಿರ ಬಂದರೆ ಗೋಂದಿನ ವಾಸನೆ. ಸ್ವಭಾವವೂ ಹಾಗೇ, ಯಾವುದಾದರೂ ಕೆಲಸಕ್ಕೆ ಅಂಟಿಕೊಂಡರೆ ಬಿಡುವವರಲ್ಲ. ಅವರು ಪುಸ್ತಕ ತಿರುವಿ ನೋಡಿ, “ಈ ಎಣ್ಣೆ ಕಲೆ ತೆಗೀಬಹುದಮ್ಮ. ಪೆನ್ಸಿಲಲ್ಲಿ ಗೀಚಿರೋದನ್ನೂ ಉಜ್ಜಿಬಿಡು. ಹೊಸದರ ಹಾಗಾಗತ್ತೆ” ಎಂದರು.

ಆದರೆ ಆ ಗೀಚಿರುವುದನ್ನು ನೀವು ಓದಿದ್ದೀರಾ? ‘ಈರುಳ್ಳಿ ಐದು ನಿಮಿಷದಲ್ಲಿ ಕೆಂಪಗಾಗುತ್ತದೆ’ ಎಂದು ಮೇಷ್ಟ್ರಮ್ಮ ಹೇಳಿರುವ ಸಾಲಿನ ಪಕ್ಕದಲ್ಲಿ ಯಾರೋ ‘ಶುದ್ಧ ಸುಳ್ಳು’ ಎಂದು ಬರೆದಿದ್ದಾರೆ. ಅದರ ಕೆಳಗೆ ಬೇರೆ ಕೈಬರಹ: ‘ನಾನೂ ಮೋಸ ಹೋದೆ.’ ಇನ್ನೊಂದು ಪುಟದಲ್ಲಿ, ಬೇಯಿಸಿದ ಮೀನಿನ ಹತ್ತಿರ, ‘ಇವತ್ತು ಎರಡನೇ ಸಲ ಬಡಿಸಿಕೊಂಡರು.’ ಅಷ್ಟೇ. ಯಾರು, ಯಾವಾಗ, ಒಂದೂ ಇಲ್ಲ. ತೆಗೆಯಲೋ ಬಿಡಲೋ, ನೀವೇ ಹೇಳಿ.

ನಾನು ಚೆನ್ನಾಗಿದ್ದೇನೆ. ಕೋಣೆಗೆ ಬೆಳಕಿದೆ. ಊಟಕ್ಕೆ ಕೊರತೆಯಿಲ್ಲ.

ಇಂತಿ (ಇಲ್ಲಿ ಏನು ಬರೆಯುವುದೋ ಇನ್ನೂ ಗೊತ್ತಾಗಿಲ್ಲ)


ಫೆಬ್ರವರಿ ೧೬

ಆ ಗೋಂದಜ್ಜನಿಗೆ ಹೇಳು: ಕಲೆಗೆ ಕೈ ಹಚ್ಚಿದರೆ ನಾನೇ ಅಲ್ಲಿಗೆ ಬಂದು ಅವರ ಗೋಂದಿನ ಡಬ್ಬಿಯನ್ನು ಅವರ ತಲೆಗೇ ಸುರಿಯುತ್ತೇನೆ. ಕಲೆ ಇಲ್ಲದ ಅಡುಗೆ ಪುಸ್ತಕವನ್ನು ಯಾರೂ ಪ್ರೀತಿಸಿಲ್ಲ ಎಂದು ಅರ್ಥ. ನನ್ನ ಕಪಾಟಿನಲ್ಲಿರುವ ಎಲ್ಲದಕ್ಕೂ ಕಲೆ ಇದೆ. ಒಂದೂ ನನ್ನ ಕೈಯದಲ್ಲ, ಅದು ನಿನಗೂ ಗೊತ್ತು. ನಾನು ಅಡುಗೆ ಪುಸ್ತಕ ಓದುವವಳು; ಮಾಡುವ ಶಕ್ತಿಯನ್ನು ದೇವರು ಬೇರೆಯವರಿಗೆ ಹಂಚಿಬಿಟ್ಟ. ನಾನು ಬೇಯಿಸಿದ್ದನ್ನು ತಿಂದು ನಿನ್ನ ಮಾವ ಕೊನೆಯವರೆಗೂ ತುಟಿ ಪಿಟಕ್ಕೆನ್ನಲಿಲ್ಲ, ಪುಣ್ಯಾತ್ಮರು.

ಊಟಕ್ಕೆ ಕೊರತೆಯಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ಬೇರೆ ಯಾರಿಗಾದರೂ ಹೇಳು. ನಿನ್ನ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಜಿಡ್ಡಿನ ಬೆರಳ ಗುರುತಿಲ್ಲ. ಮೊದಲು ನೀನು ಬರೆದ ಅಂಗಡಿ ಚೀಟಿಗೂ ಬೆಳ್ಳುಳ್ಳಿ ವಾಸನೆ ಇರುತ್ತಿತ್ತು. ಅಲ್ಲಿ ಒಲೆ ಇದೆಯಾ ಇಲ್ಲವಾ?

ಇಲ್ಲಿ ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಗೋಡೆ ಕೆರೆದ ಪುಡಿಯೆಲ್ಲ ಪುಸ್ತಕಗಳ ಮೇಲೆ ಬೀಳುತ್ತದೆ. ಅದಕ್ಕೇ ಇನ್ನೂ ಮೂರು ಕಳಿಸುತ್ತಿದ್ದೇನೆ. ಎಲ್ಲಕ್ಕೂ ಏನಾದರೊಂದು ಕಾಯಿಲೆ ಇದೆ, ಹುಡುಕಿದರೆ ಸಿಗುತ್ತದೆ. ಎದುರುಮನೆ ಟೈಲರಮ್ಮ ಅಂಚೆಗೆ ಹಾಕುತ್ತಾಳೆ.

ಬೇರೆ ವಿಶೇಷವೇನಿಲ್ಲ.

ಅತ್ತೆ


ಮಾರ್ಚ್ ೧

ಅತ್ತೆಯವರಿಗೆ,

ಮೂರು ಪುಸ್ತಕಗಳೂ ತಲುಪಿದವು. ಆಸ್ಪತ್ರೆಯ ಅಡುಗೆಮನೆಗೆಂದು ಬರೆದಿರುವ ಪುಸ್ತಕದಲ್ಲಿ, ಮೊಟ್ಟೆ ಪುಡಿಂಗಿನ ಪುಟದಲ್ಲಿ, ಒಂದು ಫೋಟೋ ಇತ್ತು. ನಾನೂ ನಿಮ್ಮ ಮಗನೂ ಸಮುದ್ರದ ದಂಡೆಯಲ್ಲಿ ನಿಂತಿರುವುದು. ಗಾಳಿಗೆ ನನ್ನ ಕೂದಲು ಅವರ ಮುಖದ ಮೇಲೆ ಹಾರಿದೆ, ಇಬ್ಬರೂ ನಗುತ್ತಿದ್ದೇವೆ.

ಅದು ಅಲ್ಲಿಗೆ ತಾನಾಗಿ ಬಂದದ್ದಲ್ಲ ಎಂದು ನನಗೆ ಅರ್ಥವಾಗುತ್ತದೆ. ಪೆಟ್ಟಿಗೆಯೊಳಗೆ ಪುಸ್ತಕ ತುರುಕಿದವರು ನೀವು. ನಿಮ್ಮ ಮನಸ್ಸಿನಲ್ಲಿರುವುದು ಒಳ್ಳೆಯದೇ ಇರಬಹುದು. ಆದರೆ ನಾನು ವಾಪಸು ಬರುವುದಿಲ್ಲ. ನಾವಿಬ್ಬರೂ ಕೆಟ್ಟವರಲ್ಲ. ಒಂದೇ ಮೇಜಿಗೆ ಎದುರುಬದುರು ಕೂತು, ಉಪ್ಪು ಕೊಡಿ ಎನ್ನುವುದರ ಹೊರತು ಬೇರೆ ಮಾತಿಲ್ಲದೆ ಎರಡು ವರ್ಷ ಊಟ ಮಾಡಿದೆವು, ಅದು ಸಾಕಾಯಿತು. ಅವರ ಬದುಕು ಅವರದಾಗಲಿ. ಅದಕ್ಕೆ ಅಡ್ಡ ಬರುವಂಥ ಯಾವ ಪ್ರಯತ್ನವನ್ನೂ ನನ್ನ ಹೆಸರಿನಲ್ಲಿ ಮಾಡಬೇಡಿ, ದಯವಿಟ್ಟು.

ಪುಸ್ತಕಗಳನ್ನು ಸರಿಮಾಡಿ ಕಳಿಸುತ್ತೇನೆ. ಇನ್ನು ಮುಂದೆ ಕಳಿಸುವುದು ಬೇಡ.


ಏಪ್ರಿಲ್ ೧೦

ಅತ್ತೆ,

ಮೇಷ್ಟ್ರಮ್ಮನದೂ ಸೇರಿ ನಾಲ್ಕೂ ಪುಸ್ತಕಗಳನ್ನು ಕಳಿಸಿ ಬಹಳ ದಿನವಾಯಿತು. ಬಂದವೇ? ನಿಮ್ಮಿಂದ ಒಂದು ಸಾಲೂ ಇಲ್ಲ. ಅಂಚೆಯವನ ಸೈಕಲ್ಲು ನಿಂತ ಸದ್ದಾದರೆ ಸೂಜಿ ಕೆಳಗಿಟ್ಟು ಬಾಗಿಲಿಗೆ ಹೋಗುತ್ತೇನೆ. ಗೋಂದಜ್ಜ “ನಿಮ್ಮತ್ತೆ ಇವತ್ತೂ ಬರೆದಿಲ್ವಾ?” ಎಂದು ಕೇಳಿ, ನನ್ನ ಮುಖ ನೋಡಿ ಗೋಂದು ಕಲಸಲು ಹೋಗುತ್ತಾರೆ.

ಹೋದ ಸಲ ಗಡುಸಾಗಿ ಬರೆದೆ. ಹೇಳಿದ ವಿಷಯವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಹೇಳಿದ ರೀತಿಯನ್ನು ತೆಗೆದುಕೊಳ್ಳುತ್ತೇನೆ. ಬೈಯುವುದಾದರೂ ಬೈದು ಬರೆಯಿರಿ. ಮಂಡಿ ನೋವು ಹೇಗಿದೆ?


ಏಪ್ರಿಲ್ ೧೮

ಬೈಯಬೇಕೆಂದೇ ಕೂತಿದ್ದೇನೆ.

ಫೋಟೋ ಅಂತೆ, ಸಂಚಂತೆ! ನನ್ನ ಪುಸ್ತಕಗಳಲ್ಲಿ ಗುರುತಿಗೆ ಏನೇನು ಇರುತ್ತದೆಂದು ನಿನಗೆ ಗೊತ್ತಿಲ್ಲವೇ? ಬಸ್ ಟಿಕೆಟ್ಟು, ಔಷಧಿ ಚೀಟಿ, ಲಾಂಡ್ರಿ ರಸೀತಿ. ಆವತ್ತು ಕೈಗೆ ಸಿಕ್ಕಿದ್ದು ನಿಮ್ಮ ಫೋಟೋ. ನಿಮ್ಮಿಬ್ಬರ ಸಂಸಾರವನ್ನು ಕೂಡಿಸುವ ಶಕ್ತಿ ಮೊಟ್ಟೆ ಪುಡಿಂಗಿಗೆ ಇದ್ದಿದ್ದರೆ ನಾನು ಯಾವತ್ತೋ ಬೇಯಿಸಿರುತ್ತಿದ್ದೆ, ತಿನ್ನುವವರ ಗತಿ ಏನಾದರೂ ಆಗಲಿ ಎಂದು.

ಮೊದಲು ಸಿಟ್ಟಿನಿಂದ ಬರೆಯಲಿಲ್ಲ. ಆಮೇಲೆ ನಾಚಿಕೆಯಿಂದ ಬರೆಯಲಿಲ್ಲ. ಯಾಕೆಂದರೆ ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಈಗ ಹೇಳುತ್ತೇನೆ, ಕೂತುಕೊಂಡು ಓದು. ಅವನಿಗೆ ಮದುವೆ. ಜೂನ್ ಹದಿನೈದು, ಸಂಜೆ ನಾಲ್ಕಕ್ಕೆ, ರಿಜಿಸ್ಟ್ರಾರ್ ಕಚೇರಿಯಲ್ಲಿ. ಹುಡುಗಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಾಳೆ. ಒಳ್ಳೆಯವಳು, ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಅವಳಿಗೆ ಉಬ್ಬಸ. ನನ್ನ ಪುಸ್ತಕದ ಕೋಣೆಯ ಬಾಗಿಲಲ್ಲಿ ನಿಂತರೆ ಸಾಕು, ಎದೆಯಲ್ಲಿ ಸೀಟಿ ಊದುತ್ತದೆ. ನಾಟಕವಲ್ಲ, ನಾನೇ ಬೆನ್ನು ನೀವಿದ್ದೇನೆ. ಹಳೇ ಕಾಗದದ ಧೂಳು ಅವಳಿಗೆ ವಿಷ. ಈ ಮನೆಯಲ್ಲಿ ಪುಸ್ತಕ ಇರಬೇಕು, ಇಲ್ಲವೇ ಅವಳಿರಬೇಕು.

ಅವನು ಹಳೇ ಪುಸ್ತಕದ ವ್ಯಾಪಾರಿಯೊಬ್ಬನನ್ನು ಕರೆಸಿದ. ಆ ಮನುಷ್ಯ ಕಪಾಟಿನ ಮುಂದೆ ಒಂದು ಸುತ್ತು ಹಾಕಿ, ಚೆಂದದ ರಟ್ಟಿನವು ಐದಾರು ಎತ್ತಿಟ್ಟು, “ಇವಿಷ್ಟು ನಾನು ತಗೋತೀನಿ. ಉಳಿದಿದ್ದನ್ನ ತೂಕಕ್ಕೆ ಹಾಕಿಬಿಡಿ ಅಮ್ಮ” ಎಂದ.

“ತೂಕಕ್ಕಾ?” ಎಂದೆ. “ಆಗಲಿ, ತಕ್ಕಡಿ ತರಿಸ್ತೀನಿ. ಮೊದಲು ನೀವು ಹತ್ತಿ.”

ಅವನು ಮೆಟ್ಟಿಲಿಳಿದು ಓಡಿದ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

ಇದು ಜನವರಿಯ ಮಾತು. ಅವತ್ತಿನಿಂದ ನಾನು ನಿನಗೆ ರಿಪೇರಿಗೆ ಕಳಿಸುತ್ತಿರಲಿಲ್ಲ ಕಣೇ, ಸಾಗಿಸುತ್ತಿದ್ದೆ! ಮಗನ ಕಣ್ಣು ತಪ್ಪಿಸಿ, ಟೈಲರಮ್ಮನ ಬಟ್ಟೆಗಂಟಿನಲ್ಲಿ ಬಚ್ಚಿಟ್ಟು. ಇನ್ನು ಯಾರ ಕೈಗೆ ಕೊಡಲಿ ಅವನ್ನು? ನೀನು ನೋಡಿದರೆ ಎಲ್ಲವನ್ನೂ ಗುಣಪಡಿಸಿ, ಅಚ್ಚುಕಟ್ಟಾಗಿ ಕಟ್ಟಿ, ವಾಪಸು ಕಳಿಸಿದೆ. ಇಷ್ಟು ಚೆನ್ನಾಗಿ ಕೆಲಸ ಮಾಡಬೇಡ ಎಂದು ನಾನು ಹೇಗೆ ಬರೆಯಲಿ?

ಮಂಡಿ ನೋವು ಇದ್ದ ಹಾಗೇ ಇದೆ. ಅದೊಂದು ನನ್ನನ್ನು ಬಿಟ್ಟು ಎಲ್ಲೂ ಹೋಗುವುದಿಲ್ಲ.

ಅತ್ತೆ


ಏಪ್ರಿಲ್ ೨೭

ಅತ್ತೆ,

ನಿಮ್ಮ ಕಾಗದ ಓದಿ ಎಷ್ಟು ನಕ್ಕೆನೆಂದರೆ ಗೋಂದಜ್ಜ ಹೆದರಿ ನೀರು ತಂದುಕೊಟ್ಟರು.

ಮದುವೆಯ ವಿಷಯ ನನಗೆ ಫೆಬ್ರವರಿಯಿಂದ ಗೊತ್ತು. ನಿಮ್ಮ ಮಗನೇ ಫೋನು ಮಾಡಿ, “ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ನಾನೇ ಹೇಳ್ತಿದೀನಿ” ಎಂದಿದ್ದರು. ನಿಮಗೆ ಮುಜುಗರವಾದೀತೆಂದು ನಾನು ಆ ಮಾತು ಎತ್ತಲಿಲ್ಲ. ಆ ಫೋಟೋ ನೋಡಿ ನಾನು ಉರಿದುಬಿದ್ದದ್ದು ಅದಕ್ಕೇ: ನೀವು ಆ ಹುಡುಗಿಯನ್ನು ತಪ್ಪಿಸಿ ನನ್ನನ್ನು ಕರೆಸಲು ನೋಡುತ್ತಿದ್ದೀರಿ ಎಂದುಕೊಂಡೆ. ನೀವು ನನ್ನಿಂದ ಬಚ್ಚಿಟ್ಟದ್ದನ್ನೇ ನಾನು ನಿಮ್ಮಿಂದ ಬಚ್ಚಿಟ್ಟುಕೊಂಡು ಕೂತಿದ್ದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನಗೆ ಒಲೆ ಇಲ್ಲ. ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದೇನೆ; ಕೆಟಲಿನಲ್ಲಿ ಮೊಟ್ಟೆ ಬೇಯಿಸಿಕೊಂಡು ಬ್ರೆಡ್ಡಿನ ಜೊತೆ ತಿನ್ನುತ್ತೇನೆ. ಒಲೆ ಕೊಳ್ಳಲಾಗದೆ ಅಲ್ಲ. ಒಬ್ಬಳಿಗೋಸ್ಕರ ಈರುಳ್ಳಿ ಹೆಚ್ಚಲು ಕೈ ಏಳಲಿಲ್ಲ.

ಈಗ ಕೆಲಸದ ಮಾತು. ಅಂಗಡಿಯ ಮುಂದಿನ ಕೋಣೆಗೆ ಬೀದಿಯ ಕಡೆ ದೊಡ್ಡ ಕಿಟಕಿ ಇದೆ. ಒಳಗೆ ಮುರಿದ ಯಂತ್ರ, ರದ್ದಿ ರಟ್ಟು ತುಂಬಿದೆ. ಅದನ್ನು ನನಗೆ ಕೊಡಿ ಎಂದು ಗೋಂದಜ್ಜನನ್ನು ಕೇಳಿದೆ.

“ಯಾತಕ್ಕೆ?” ಎಂದರು.

“ಹಳೇ ಅಡುಗೆ ಪುಸ್ತಕಗಳ ಓದುಕೋಣೆ ಮಾಡ್ತೀನಿ. ಯಾರು ಬೇಕಾದ್ರೂ ಬಂದು ಕೂತು ಓದಬಹುದು, ಬರ್ಕೊಂಡು ಹೋಗಬಹುದು. ನಾನು ಇಲ್ಲೇ ಕಿಟಕಿ ಹತ್ರ ಕೂತು ರಿಪೇರಿ ಮಾಡ್ತೀನಿ. ನೋಡಿದವರು ಅವರ ಮನೆ ಪುಸ್ತಕಾನೂ ತರ್ತಾರೆ.”

“ಅಷ್ಟು ಪುಸ್ತಕ ಎಲ್ಲಿದೆ?”

“ನಮ್ಮತ್ತೆ ಹತ್ರ.”

“ತಲೆಗೆ ಗೋಂದು ಸುರೀತೀನಿ ಅಂದವರಾ?”

“ಅವರೇ.”

ಗೋಂದಜ್ಜ ಗಡ್ಡ ಕೆರೆದುಕೊಂಡರು. “ಹಾಗಾದ್ರೆ ತಡ ಮಾಡಬೇಡ, ಇವತ್ತಿಂದಾನೇ ಖಾಲಿ ಮಾಡು” ಎಂದರು.

ಸಾಗಿಸುವುದು ಸಾಕು, ಅತ್ತೆ. ಹಾಡುಹಗಲಲ್ಲಿ, ಎಲ್ಲರಿಗೂ ಹೇಳಿ, ಎಲ್ಲವನ್ನೂ ಒಟ್ಟಿಗೆ ಕಳಿಸಿ.


ಮೇ ೯

ಎಲ್ಲವನ್ನೂ ಎಂದರೆ ಎಲ್ಲವನ್ನೂ? ನಿನ್ನ ಕಾಗದ ಓದಿ ಖುಷಿಪಡುವ ಬದಲು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನಲವತ್ತು ವರ್ಷ ಗುಡ್ಡೆ ಹಾಕಿದ್ದು. ಸಂಬಳದ ದಿನ ಬೇರೆ ಹೆಂಗಸರು ಬಟ್ಟೆ ಅಂಗಡಿಗೆ ಹೋದರೆ ನಾನು ಹಳೇ ಪುಸ್ತಕದ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆ. ಒಂದೊಂದನ್ನೇ ತೆಗೆದು ನೋಡಿದೆ. ನೂರು ಸೈನಿಕರಿಗೆ ಒಂದೇ ಹಂಡೆಯಲ್ಲಿ ಬೇಳೆ ಬೇಯಿಸುವುದು. ಹಲ್ಲಿಲ್ಲದವರಿಗೆ ಮಾಂಸ ಮೆತ್ತಗೆ ಮಾಡುವುದು. ಸಕ್ಕರೆ ಸಿಗದ ಕಾಲದಲ್ಲಿ ಕೇಕು. ಯಾರ್‍ಯಾರದೋ ಹಸಿವು, ಯಾರ್‍ಯಾರದೋ ಉಪಾಯ. ಇವು ಬಾಗಿಲು ಹಾಕಿದ ಕೋಣೆಯಲ್ಲಿ ನನ್ನೊಬ್ಬಳಿಗೇ ಕಥೆ ಹೇಳಿಕೊಂಡು ಇದ್ದವಲ್ಲ, ಅದೇ ತಪ್ಪು ಎನಿಸಿತು. ಎದ್ದು ಹೋಗಿ ಮಗನಿಗೆ ವ್ಯಾನು ತರಲು ಹೇಳಿದೆ.

ಕಟ್ಟುವ ಕೆಲಸಕ್ಕೆ ಯಾರು ಬಂದರು ಗೊತ್ತೇ? ಆ ಹುಡುಗಿ. ಆಸ್ಪತ್ರೆಯ ಮುಖಗವಸು ಒಂದರ ಮೇಲೊಂದು ಎರಡು ಹಾಕಿಕೊಂಡು, ಕಣ್ಣು ಮಾತ್ರ ಬಿಟ್ಟುಕೊಂಡು, ಬೇಡವೆಂದರೂ ಕೇಳದೆ ಡಬ್ಬಗಳನ್ನು ತುಂಬಿದಳು. “ಇದರ ಬೆನ್ನು ಹೊಸದಾಗಿ ಹೊಲಿದಿದೆ, ಮೇಲೆ ಭಾರ ಹಾಕೋದು ಬೇಡ ಅತ್ತೆ” ಎಂದಳು. ನಾನು ಥಟ್ಟನೆ ತಿರುಗಿದೆ. ತಿರುಗಿದ್ದು ನಿನ್ನ ದನಿ ಎಂದುಕೊಂಡು. ಅವಳಿಗೂ ಅರ್ಥವಾಯಿತು. ಹುರಿಯನ್ನು ಗಂಟು ಹಾಕುತ್ತ ಕೂತಳು. ಈ ಹುಡುಗಿಗೆ ನಾನು ಮೋಸ ಮಾಡಬಾರದು ಎಂದು ಅವತ್ತು ಗಟ್ಟಿ ಮಾಡಿಕೊಂಡೆ. ನಿನಗೂ ಮಾಡುವುದಿಲ್ಲ. ನನಗೇನು, ಇಬ್ಬರನ್ನೂ ಹಿಡಿದುಕೊಳ್ಳಲು ಎರಡು ಕೈ ಇದೆ.

ನನ್ನ ಷರತ್ತು: ಕಪಾಟಿಗೆ ಗಾಜಿನ ಬಾಗಿಲು ಬೇಡ. ‘ಮುಟ್ಟಬೇಡಿ’ ಎಂದು ಎಲ್ಲೂ ಬೋರ್ಡು ಹಾಕಬೇಡ.

ಅತ್ತೆ


ಮೇ ೨೩

ಅತ್ತೆ,

ವ್ಯಾನು ಬಂತು. ಡ್ರೈವರ್ ಸೀಟಿನಿಂದ ಇಳಿದವರು ನಿಮ್ಮ ಮಗ. ಅವರೇ ಬರುತ್ತಾರೆಂದು ನೀವು ಬರೆಯದೆ ಬಿಟ್ಟದ್ದು ಮರೆವಲ್ಲ ಎಂದು ನನಗೆ ಗೊತ್ತು.

“ಇಷ್ಟೊಂದಾ?” ಎಂದೆ.

“ಇನ್ನೊಂದು ಟ್ರಿಪ್ ಇದೆ” ಎಂದರು.

ಇಬ್ಬರೂ ಡಬ್ಬ ಹೊತ್ತೆವು. ನಡುವೆ ಬಾಗಿಲಲ್ಲಿ ಸುಧಾರಿಸಿಕೊಳ್ಳುವಾಗ ಅವರು ಇದ್ದಕ್ಕಿದ್ದಂತೆ ನಕ್ಕರು. “ಅಮ್ಮ ನನಗೆ ಗೊತ್ತಾಗದ ಹಾಗೆ ಕಳಿಸ್ತಿದ್ದೆ ಅಂದ್ಕೊಂಡಿದಾರೆ. ಟೈಲರಮ್ಮ ಮೊದಲನೇ ದಿನಾನೇ ಕಟ್ಟು ತಂದು ನನ್ನ ಕೈಗೆ ಕೊಟ್ರು, ಅಂಚೆ ಕಚೇರಿ ನಿಮ್ಮ ದಾರೀಲೇ ಇದೆಯಲ್ಲಪ್ಪಾ ಅಂತ. ಎಲ್ಲಾ ನಾನೇ ಹಾಕಿದ್ದು.”

“ಮತ್ತೆ ಸುಮ್ನೆ ಇದ್ರಲ್ಲ?”

“ಆ ವ್ಯಾಪಾರಿ ತೂಕ ಅಂದಾಗ ಅಮ್ಮನ ಮುಖ ನೋಡಿದ್ದೆ. ಕರೆಸಿದ್ದೇ ತಪ್ಪು ಅನ್ನಿಸ್ತು. ಏನು ಹೇಳಬೇಕೋ ಗೊತ್ತಾಗಲಿಲ್ಲ. ನನಗೆ ಗೊತ್ತಾಗಲ್ಲ, ನಿನಗೇ ಗೊತ್ತಲ್ಲ.”

ಗೊತ್ತು ಎಂದೆ. ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಟೀ ಕುಡಿದೆವು. ಅಳುವಂಥದ್ದೇನೂ ಇರಲಿಲ್ಲ. ಹಳೆಯ ಸಹೋದ್ಯೋಗಿ ಸಿಕ್ಕ ಹಾಗೆ, ಚೆನ್ನಾಗಿತ್ತು.

ಒಂದು ವಿಷಯ. ಕೋಣೆ ತೆರೆಯುವ ದಿನವನ್ನು ಗೋಂದಜ್ಜ ನನ್ನನ್ನು ಕೇಳದೆ ಗೊತ್ತುಮಾಡಿ, ಚೀಟಿ ಅಚ್ಚು ಹಾಕಿಸಿ, ಬೀದಿಯಲ್ಲೆಲ್ಲ ಹಂಚಿಬಿಟ್ಟಿದ್ದಾರೆ. ಜೂನ್ ಹದಿನೈದು! ಅವತ್ತು ಈ ಬೀದಿಯ ಅಂಗಡಿಗಳಿಗೆಲ್ಲ ರಜೆ, ಜನ ಬರುತ್ತಾರೆ ಎನ್ನುವುದು ಅವರ ಲೆಕ್ಕ. ಬದಲಾಯಿಸಲೇ ಎಂದು ಯೋಚಿಸಿದೆ. ಬೇಡ ಎನಿಸಿತು. ನೀವು ಇಲ್ಲಿರುವುದಿಲ್ಲ ಎನ್ನುವುದೊಂದೇ ಬೇಸರ.


ಜೂನ್ ೧೫

ಅತ್ತೆ,

ಈಗ ತಾನೇ ಕೊನೆಯವರು ಹೋದರು. ಕೈ ಇನ್ನೂ ಅಂಟಂಟಾಗಿದೆ, ಅಕ್ಷರ ನೋಡಿ ತಿಳಿದುಕೊಳ್ಳಿ.

ಮೊದಲು ಬಂದವರು ಮೂಲೆ ಬೇಕರಿಯವರು. ಬಾಗಿಲಲ್ಲೇ ನಿಂತು, “ಓದೋಕೆ ಕಾಸು ಕೊಡಬೇಕಾ?” ಎಂದು ಕೇಳಿ, ಇಲ್ಲವೆಂದಮೇಲೂ ಅನುಮಾನದಿಂದಲೇ ಒಳಗೆ ಬಂದರು. ಆಮೇಲೆ ಕೆಲಸ ಬಿಟ್ಟು ವಿಶ್ರಾಂತಿಯಲ್ಲಿರುವ ಒಬ್ಬರು ನರ್ಸಮ್ಮ. ಆಮೇಲೆ ಲೆಕ್ಕ ತಪ್ಪಿತು. ಕುರ್ಚಿ ಸಾಲದೆ ನಿಮ್ಮ ಡಬ್ಬಗಳ ಮೇಲೇ ಜನ ಕೂತರು. ಕಿತ್ತಳೆ ಸಿಪ್ಪೆಯ ಜಾಮಿಗೆ ಚಿಟಿಕೆ ಉಪ್ಪು ಹಾಕಬೇಕು ಎಂದು ಒಂದು ಪುಸ್ತಕ, ಹಾಕಿದರೆ ಕೆಟ್ಟಿತು ಎಂದು ಇನ್ನೊಂದು. ಬೇಕರಿಯವರು ಒಂದು ಕಡೆ, ನರ್ಸಮ್ಮ ಇನ್ನೊಂದು ಕಡೆ. ದನಿ ಏರಿತು. “ಓದಿ ಜಗಳ ಆಡೋದ್ಯಾಕೆ, ಮಾಡಿ ನೋಡಿ” ಎಂದು ಗೋಂದಜ್ಜ ಅಂಟು ಕಾಯಿಸುವ ತಮ್ಮ ಒಲೆಯನ್ನು ತಂದು ಮೇಜಿನ ಮೇಲಿಟ್ಟರು. ಯಾರೋ ಮನೆಗೆ ಓಡಿಹೋಗಿ ಕಿತ್ತಳೆ ತಂದರು. ಸಿಪ್ಪೆ ಹೆಚ್ಚಿದವಳು ನಾನು. ಎರಡು ಪಾತ್ರೆ, ಒಂದಕ್ಕೆ ಉಪ್ಪು, ಒಂದಕ್ಕಿಲ್ಲ. ಎಲ್ಲರೂ ಬೆರಳು ಅದ್ದಿ ನೆಕ್ಕಿದರು. ತೀರ್ಮಾನವಾಗಲಿಲ್ಲ, ಎರಡೂ ಖಾಲಿಯಾದವು.

ಸಂಜೆ ನಾಲ್ಕು ಗಂಟೆಗೆ ನನಗೆ ಹೇಗಾಗುತ್ತದೋ ಎಂದು ವಾರದಿಂದ ಒಳಗೊಳಗೇ ಹೆದರಿದ್ದೆ. ಆ ಹೊತ್ತಿಗೆ ಮೇಲಿನ ಕೋಣೆಗೆ ಹೋಗಿ ಒಬ್ಬಳೇ ಕೂರಬೇಕು ಎಂದೂ ಅಂದುಕೊಂಡಿದ್ದೆ. ಪಾತ್ರೆ ತೊಳೆಯಲು ಎದ್ದಾಗ ಗಡಿಯಾರ ಕಂಡಿತು. ಐದೂವರೆ. ನಾಲ್ಕು ಗಂಟೆ ನನ್ನ ಪಕ್ಕದಿಂದಲೇ ದಾಟಿಹೋಗಿತ್ತು, ನಾನು ನೋಡಿರಲಿಲ್ಲ.

ನವದಂಪತಿಗಳಿಗೆ ನನ್ನ ಹಾರೈಕೆ ತಿಳಿಸಿ. ಬಾಯಿಮಾತಿಗೆ ಹೇಳುತ್ತಿಲ್ಲ.


ಜೂನ್ ೧೫

ಮದುವೆ ಮುಗಿಯಿತು. ಇಬ್ಬರೂ ಚೆಂದ ಕಂಡರು. ಸಹಿ ಮಾಡುವಾಗ ಅವನು ತಪ್ಪು ಸಾಲಿಗೆ ಪೆನ್ನು ಇಟ್ಟ, ಅವಳು ಸರಿಯಾದ ಜಾಗ ತೋರಿಸಿದಳು.

ಊಟಕ್ಕೆ ಕೂತಾಗ ನನ್ನ ನಾದಿನಿ, ಆ ಗಂಟಲು ನಿನಗೆ ಗೊತ್ತಲ್ಲ, ಮೇಜಿನ ಆ ತುದಿಯಿಂದ ಕೇಳಿದಳು: “ಹಳೇ ಸೊಸೆ ಕತೆ ಏನು ಅತ್ತಿಗೆ? ಈಗೇನೂ ಸಂಪರ್ಕ ಇಲ್ಲ ತಾನೆ?”

ಹೊಸ ಹುಡುಗಿ ನನ್ನ ಮುಖ ನೋಡಿದಳು. ಮಗ ತಟ್ಟೆ ನೋಡಿದ.

“ಯಾಕಿಲ್ಲ?” ಎಂದೆ. “ಇವತ್ತು ಅವಳ ಓದುಕೋಣೆ ಶುರುವಾಗ್ತಿದೆ. ನನ್ನ ಪುಸ್ತಕ ಎಲ್ಲಾ ಅಲ್ಲೇ ಇದೆ. ಇವನು ಮದುವೆಗೆ ಬೇರೆ ದಿನ ಇಟ್ಕೊಂಡಿದ್ರೆ ನಾನೂ ಅಲ್ಲೇ ಇರ್ತಿದ್ದೆ.”

ಮೊದಲು ನಕ್ಕವಳು ಆ ಹುಡುಗಿ. “ನಾಳೆ ನಾವು ಟೂರಿಗೆ ಹೊರಡ್ತೀವಲ್ಲ ಅತ್ತೆ, ನೀವೊಬ್ರೇ ಮನೇಲಿ ಯಾಕೆ? ಹೋಗಿಬನ್ನಿ” ಎಂದಳು. ಮಗ ತಲೆಯೆತ್ತಿ, “ಬೆಳಗಿನ ಬಸ್ಸಿಗೆ ಟಿಕೆಟ್ ತೆಗ್ದಿದೀನಿ” ಎಂದ. ಆಗಲೇ ತೆಗೆದಿಟ್ಟಿದ್ದ, ಗುಮ್ಮನಗುಸುಕ!

ಹಾಗಾಗಿ ಈ ಕಾಗದಕ್ಕಿಂತ ಮೊದಲು ನಾನೇ ಬಂದು ಇಳಿದಿರುತ್ತೇನೆ. ಆದರೂ ಬರೆದು ಅಂಚೆಗೆ ಹಾಕುತ್ತಿದ್ದೇನೆ. ಎದುರಿಗೆ ನಿಂತು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ನಿನ್ನನ್ನು ಮೊದಲು ಸೊಸೆ ಎಂದದ್ದು ಅವನ ಕಾರಣಕ್ಕೆ. ಆ ಕಾರಣ ಹೋದಮೇಲೆ ನಿನ್ನನ್ನೂ ಬಿಡಬೇಕೇನೋ ಎಂದು ಕೆಲವು ದಿನ ಒದ್ದಾಡಿದೆ; ನಾಲ್ಕು ಜನ ಹಾಗೇ ಹೇಳಿದರು. ನನ್ನಿಂದಾಗಲಿಲ್ಲ. ನನಗೆ ನೀನು ಬೇಕು. ಪುಸ್ತಕವೆಲ್ಲ ಒಂದು ನೆಪ. ಮನೆಯಲ್ಲಿ ಒಂದೂ ಪುಸ್ತಕ ಇಲ್ಲದಿದ್ದರೆ ಹರಿದ ಕೈಚೀಲವನ್ನಾದರೂ ಹೊಲಿಯಲು ಕಳಿಸುತ್ತಿದ್ದೆ.

ಇದು ನಿನ್ನ ಕೈಸೇರುವಾಗ ನಾನು ಅದೇ ಕೋಣೆಯಲ್ಲಿ ಎಲ್ಲೋ ಇರುತ್ತೇನೆ, ಯಾರನ್ನೋ ದಬಾಯಿಸುತ್ತ. ಓದು, ಮಡಚಿ ಒಳಗಿಟ್ಟುಕೋ. ನನ್ನ ಹತ್ತಿರ ಈ ಮಾತು ಎತ್ತಬೇಡ. ಸುಮ್ಮನೆ ಬಂದು, ಊಟಕ್ಕೆ ಏಳಿ ಎಂದು ಕರೆ.

ಅತ್ತೆ